ಹಳೆಯ 911ರ ಪೆಡಲ್ ಬುಷ್: ಪ್ಲಾಸ್ಟಿಕ್ ಹಾಕೋದಾ, ಕಂಚು ಹಾಕೋದಾ?

ನನ್ನ ಗೆಳೆಯನ ಹತ್ತಿರ 1982ರ ಪೋರ್ಷೆ 911 ಎಸ್‌ಸಿ ಇದೆ. ನಾವಿಬ್ಬರೂ ಇರೋದು ಸ್ಟುಟ್‌ಗಾರ್ಟ್ ಪಕ್ಕದಲ್ಲಿ, ಆ ಕಾರು ಹುಟ್ಟಿದ ಊರಿನ ಮಗ್ಗುಲಲ್ಲೇ. ಹೋದ ಚಳಿಗಾಲಕ್ಕೆ ಮುಂಚೆ ಅವನು ತುಂಬಾ ಬೇಜಾರಿನಲ್ಲಿದ್ದ. ರಿವರ್ಸ್ ಗೇರ್ ಹಾಕಿದರೆ ಕರಕರ ಸದ್ದು. ಮೊದಲ ಗೇರ್ ಬೀಳಬೇಕಾದರೆ ಕ್ಲಚ್ ಒತ್ತಿಕೊಂಡು ಸ್ವಲ್ಪ ಹೊತ್ತು ಕಾಯಬೇಕು. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ, ಸಿಂಕ್ರೊ (ಗೇರನ್ನು ಸದ್ದಿಲ್ಲದೆ ಕೂರಿಸುವ ಭಾಗ) ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಬೇಕು ಅಂದರಂತೆ. ಅದು ಸಣ್ಣ ಖರ್ಚಲ್ಲ.

ನಾನು ಕಾರಿನ ಬಾಗಿಲು ತೆಗೆದು ಮಂಡಿಯೂರಿ ಕುಳಿತೆ. ಕ್ಲಚ್ ಪೆಡಲನ್ನು ಕೈಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದೆ. ಟಕ್, ಟಕ್. ಪೆಡಲಿನ ತುದಿ ಹೆಚ್ಚುಕಡಿಮೆ ಒಂದು ಬೆರಳಿನ ಅಗಲ ಆಡುತ್ತಿತ್ತು. ಬ್ರೇಕ್ ಪೆಡಲಿಗೂ ಅಲ್ಲಾಟ ಇತ್ತು, ಸ್ವಲ್ಪ ಕಡಿಮೆ. ಗೇರ್‌ಬಾಕ್ಸಿನ ಮಾತು ಆಮೇಲೆ, ಮೊದಲು ಪೆಡಲ್ ಬುಷ್, ಅಂದರೆ ಪೆಡಲಿನ ಕೀಲಿನೊಳಗೆ ಕೂರುವ ಉಂಗುರ, ನೋಡೋಣ ಅಂದೆ.

ಹಳೆಯ 911 ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಕೆಲಸ ಬಂದೇ ಬರುತ್ತದೆ. ಆಗ ಏಳುವ ಪ್ರಶ್ನೆ ಯಾವ ಬುಷ್ ಹಾಕೋದು ಅನ್ನೋದು. ಮೊದಲಿದ್ದಂಥ ಪ್ಲಾಸ್ಟಿಕ್ ಬುಷ್ ಸಿಗುತ್ತದೆ, ಕಂಚಿನದು ಸಿಗುತ್ತದೆ, ಸೂಜಿಯಂಥ ರೋಲರ್ ಇರುವ ನೀಡಲ್ ಬೇರಿಂಗ್ ಕಿಟ್ ಕೂಡ ಸಿಗುತ್ತದೆ. ಹೆಚ್ಚಿನವರು ‘ಕಂಚು ಗಟ್ಟಿ, ಅದನ್ನೇ ಹಾಕಿ’ ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನಾನು ಹಾಗೆ ಹೇಳಲಾರೆ. ಯಾವ ಬುಷ್ ಅನ್ನೋದನ್ನು ತೀರ್ಮಾನ ಮಾಡೋದು ಅದರೊಳಗೆ ತಿರುಗುವ ಶಾಫ್ಟ್. ಶಾಫ್ಟ್ ನೋಡದೆ ಬುಷ್ ಕೊಂಡರೆ ದುಡ್ಡು ದಂಡ.

ಒಳಗೆ ಏನಿದೆ

ಈಗಿನ ಕಾರುಗಳಲ್ಲಿ ಪೆಡಲ್‌ಗಳು ಮೇಲಿನಿಂದ ಇಳಿಬಿದ್ದಿರುತ್ತವೆ. ಹಳೆಯ 911ರಲ್ಲಿ ಹಾಗಲ್ಲ. ಪೆಡಲ್‌ಗಳು ನೆಲದಿಂದ ಎದ್ದು ನಿಂತಿರುತ್ತವೆ, ಕೀಲು ಕೆಳಗೆ. ಕಂಪನಿ ನಾಟಕದವರ ಲೆಗ್ ಹಾರ್ಮೋನಿಯಂ ನೋಡಿದ್ದರೆ ಬೇಗ ಗೊತ್ತಾಗುತ್ತದೆ, ಅದನ್ನು ತುಳಿಯೋ ಹಾಗೆಯೇ. ಪೋರ್ಷೆಯದೇ 912ರಲ್ಲೂ, 1969ರಿಂದ 1976ರವರೆಗೆ ಬಂದ 914ರಲ್ಲೂ ಕೀಲು ನೆಲದಲ್ಲೇ.

ನೆಲಕ್ಕೆ ಬೋಲ್ಟ್ ಮಾಡಿದ ಒಂದು ಸ್ಟ್ಯಾಂಡು, ಅದರೊಳಗೆ ಅಡ್ಡಲಾಗಿ ಒಂದು ಸ್ಟೀಲ್ ಶಾಫ್ಟ್. ಕ್ಲಚ್ ಪೆಡಲನ್ನು ಆ ಶಾಫ್ಟಿಗೆ ಒಂದು ರೋಲ್ ಪಿನ್ (ತೂತಿನಲ್ಲಿ ಬಿಗಿದು ಕೂರುವ ಟೊಳ್ಳು ಪಿನ್) ಹೊಡೆದು ಕೂರಿಸಿರುತ್ತಾರೆ. ಹಾಗಾಗಿ ಪೆಡಲ್ ತುಳಿದರೆ ಶಾಫ್ಟ್ ತಿರುಗುತ್ತದೆ, ಆ ಕಡೆ ತುದಿಯ ಲಿವರ್ ಕ್ಲಚ್ ಕೇಬಲನ್ನು ಎಳೆಯುತ್ತದೆ. ಬ್ರೇಕ್ ಪೆಡಲ್ ಅದೇ ಸಾಲಿನಲ್ಲಿ ತನ್ನ ಪಾಡಿಗೆ ತಿರುಗುತ್ತದೆ. ಲೋಹಕ್ಕೆ ಲೋಹ ತಾಗದಿರಲಿ ಅಂತ ಮಧ್ಯೆ ಬುಷ್‌ಗಳಿರುತ್ತವೆ. ಮೂಲದಲ್ಲಿ ಇವು ಪ್ಲಾಸ್ಟಿಕ್.

ನಲವತ್ತು ವರ್ಷದಲ್ಲಿ ಈ ಪ್ಲಾಸ್ಟಿಕ್ ಒಣಗುತ್ತದೆ, ಸೀಳುತ್ತದೆ, ಪುಡಿಯಾಗುತ್ತದೆ. ಇದಕ್ಕೆ ವಯಸ್ಸೊಂದೇ ಕಾರಣ ಅಲ್ಲ. ಪೆಡಲ್ ಸ್ಟ್ಯಾಂಡು ಇರೋದು ಕಾರಿನ ನೆಲದಲ್ಲಿ. ಮಳೆ ನೀರು, ಇಲ್ಲಿನ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು, ಶೂಗೆ ಅಂಟಿದ ಮಣ್ಣು, ಎಲ್ಲಾ ಹೋಗಿ ಸೇರೋದು ಅಲ್ಲೇ. ಅದರ ಮೇಲೆ, ಬ್ರೇಕಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಸೋರಿದರೆ ಬ್ರೇಕ್ ಫ್ಲೂಯಿಡ್ ಕೂಡ ಅಲ್ಲಿಗೇ ಇಳಿಯಬಹುದು. ಅದು ಪೇಂಟ್ ತಿನ್ನುತ್ತದೆ, ಪೇಂಟ್ ಹೋದ ಕಡೆ ತುಕ್ಕು ಹಿಡಿಯುತ್ತದೆ.

ಮೊದಲು ಹೋಗೋದು ಕ್ಲಚ್ ಕಡೆಯ ಬುಷ್. ಒತ್ತಡ ಅಲ್ಲಿ ಜಾಸ್ತಿ, ಬಳಕೆಯೂ ಜಾಸ್ತಿ. ಬುಷ್ ಅರ್ಧ ಮಿಲಿಮೀಟರ್ ಸವೆದರೂ ಉದ್ದನೆಯ ಪೆಡಲಿನ ತುದಿಯಲ್ಲಿ ಅದು ಹಲವು ಮಿಲಿಮೀಟರ್ ಆಟವಾಗಿ ಕಾಣುತ್ತದೆ. ನೀವು ತುಳಿದ ದೂರದಲ್ಲಿ ಒಂದು ಪಾಲು ಈ ಆಟ ಸರಿಮಾಡಿಕೊಳ್ಳುವುದಕ್ಕೇ ಖರ್ಚಾಗುತ್ತದೆ. ಕೇಬಲ್ ಪೂರ್ತಿ ಎಳೆಯೋದಿಲ್ಲ, ಕ್ಲಚ್ ಪೂರ್ತಿ ಬಿಡೋದಿಲ್ಲ, ಗೇರ್ ಕರಕರ ಅನ್ನುತ್ತದೆ. ಈ ಕಾರಿನಲ್ಲಿರುವ 915 ಗೇರ್‌ಬಾಕ್ಸಿನ ಸಿಂಕ್ರೊ ಮೊದಲೇ ಸೂಕ್ಷ್ಮ ಅಂತ ಹೆಸರಾದದ್ದು. ಹಾಗಾಗಿ ಎಲ್ಲರ ಕಣ್ಣೂ ನೇರ ಗೇರ್‌ಬಾಕ್ಸಿನ ಮೇಲೆ ಬೀಳುತ್ತದೆ. ನಿಜವಾಗಿ ಸಿಂಕ್ರೊ ಹೋಗಿರುವ ಕಾರುಗಳೂ ಇವೆ, ಇಲ್ಲ ಅನ್ನಲ್ಲ. ಆದರೆ ಪೆಡಲ್ ಅಲ್ಲಾಡಿಸಿ ನೋಡೋಕೆ ಅರ್ಧ ನಿಮಿಷ ಸಾಕು. ಗೇರ್‌ಬಾಕ್ಸ್ ಬಿಚ್ಚೋ ಮುಂಚೆ ದಯವಿಟ್ಟು ಅಷ್ಟಾದರೂ ಮಾಡಿ.

ಪೆಡಲ್ ಕಿರುಗುಟ್ಟುವುದು, ತುಳಿದಾಗ ಮಧ್ಯೆ ಹಿಡಿದಂತಾಗುವುದು, ಕಾಲು ತೆಗೆದರೆ ನಿಧಾನಕ್ಕೆ ಮೇಲೆ ಬರುವುದು, ಕ್ಲಚ್ ಅಡ್ಜಸ್ಟ್ ಮಾಡಿಸಿದ ಕೆಲವೇ ದಿನಕ್ಕೆ ಮತ್ತೆ ಮೊದಲಿನಂತೆ ಆಗುವುದು, ಇವೂ ಬುಷ್ ಹೋಗಿರುವ ಗುರುತುಗಳೇ.

ಮೊದಲು ಶಾಫ್ಟ್, ಆಮೇಲೆ ಬುಷ್

ಗೆಳೆಯನ ಕಾರಿನ ಪೆಡಲ್ ಸೆಟ್ ಹೊರಗೆ ತೆಗೆದು, ಹಳೇ ಸ್ಟೀಲ್ ತಟ್ಟೆಯ ಮೇಲೆ ಇಟ್ಟು ಬಿಚ್ಚಿದೆವು. ಶಾಫ್ಟ್ ಎಳೆದ ಕೂಡಲೇ ಕಂದು ಬಣ್ಣದ ಚೂರುಗಳು ತಟ್ಟೆಗೆ ಉದುರಿದವು. ನೋಡೋಕೆ ಒಣ ಅಡಿಕೆ ಚೂರಿನ ಹಾಗಿದ್ದವು. ಒಂದು ಬುಷ್ ಪೂರ್ತಿ ಕಾಣೆ. ಇನ್ನೊಂದು ಅರ್ಧಚಂದ್ರದಂತೆ ಒಂದೇ ಕಡೆ ಉಳಿದಿತ್ತು.

ಶಾಫ್ಟಿನ ಮೇಲಿನ ಹಳೇ ಗ್ರೀಸ್ ಒರೆಸಿ, ಉಗುರಿನಿಂದ ಉದ್ದಕ್ಕೆ ಗೀಚಿ ನೋಡಿದೆ. ಬುಷ್ ಕೂರುವ ಜಾಗಕ್ಕೆ ಬಂದ ಕೂಡಲೇ ಉಗುರು ಸಣ್ಣಗೆ ಕೆಳಗಿಳಿಯಿತು. ಅಲ್ಲೊಂದು ತಗ್ಗು ಬಿದ್ದಿತ್ತು. ಪ್ಲಾಸ್ಟಿಕ್ ಬುಷ್ ಸ್ಟೀಲ್ ಶಾಫ್ಟನ್ನು ಸವೆಸೋದು ಹೇಗೆ ಅಂತ ಗೆಳೆಯ ಕೇಳಿದ. ಸವೆಸೋದು ಪ್ಲಾಸ್ಟಿಕ್ ಅಲ್ಲ. ಮರಳಿನ ಕಣ ಮೆತ್ತಗಿನ ಪ್ಲಾಸ್ಟಿಕ್ಕಿನಲ್ಲಿ ಕಚ್ಚಿಕೊಂಡು ಕೂರುತ್ತದೆ. ಆಮೇಲೆ ಆ ಬುಷ್ ಎಮರಿ ಪೇಪರ್ ಇದ್ದ ಹಾಗೆ. ಪ್ರತಿ ಸಲ ಪೆಡಲ್ ತುಳಿದಾಗಲೂ ಶಾಫ್ಟನ್ನು ಉಜ್ಜುತ್ತದೆ.

ನೀವೂ ಹೀಗೇ ನೋಡಿ. ವರ್ನಿಯರ್ (ದಪ್ಪ ಅಳೆಯುವ ಸಾಧನ) ಇದ್ದರೆ ಸವೆಯದ ಜಾಗದಲ್ಲಿ ಒಮ್ಮೆ, ಸವೆದ ಜಾಗದಲ್ಲಿ ಒಮ್ಮೆ ಅಳೆಯಿರಿ. ಶಾಫ್ಟ್ ತಿರುಗಿಸಿ ಎರಡು ಮೂರು ಕಡೆ ಅಳೆಯಿರಿ, ಯಾಕೆಂದರೆ ಸವೆತ ಒಂದೇ ಕಡೆ ಇರುತ್ತದೆ. ವ್ಯತ್ಯಾಸ 0.1 ಮಿಲಿಮೀಟರ್ ದಾಟಿದರೆ ನಾನು ಆ ಶಾಫ್ಟನ್ನು ಇದ್ದ ಹಾಗೇ ಬಳಸಲ್ಲ. ಬರೀ ಮೇಲ್ತುಕ್ಕು ಇದ್ದರೆ ಸಣ್ಣ ಎಮರಿ ಪೇಪರ್ ಸುತ್ತಿ ಉಜ್ಜಿದರೆ ಸಾಕು. ತುಕ್ಕು ತಿಂದು ಗುಳಿ ಬಿದ್ದಿದ್ದರೆ ಮಾತ್ರ ಲೆಕ್ಕ ಬೇರೆ.

ಮೊದಲಿದ್ದಂಥ ಪ್ಲಾಸ್ಟಿಕ್

ಇದನ್ನು ಕೀಳಾಗಿ ನೋಡುವವರು ಬಹಳ. ನನಗೆ ಅದು ಸರಿ ಕಾಣಲ್ಲ. ಕಾರ್ಖಾನೆಯವರು ಹಾಕಿದ ಬುಷ್ ಮೂವತ್ತು ನಲವತ್ತು ವರ್ಷ ಬಾಳಿದೆ, ಅಲ್ವಾ? ಬೆಲೆ ಕಡಿಮೆ. ಕೈಯಲ್ಲೇ ಒತ್ತಿ ಕೂರಿಸಬಹುದು. ತೂತನ್ನು ಸರಿ ಅಳತೆಗೆ ತರುವ ರೀಮರ್ ಬೇಡ, ಪ್ರೆಸ್ ಬೇಡ, ಸದ್ದಿಲ್ಲ. ಶಾಫ್ಟ್ ಅಲ್ಪಸ್ವಲ್ಪ ಒರಟಾಗಿದ್ದರೂ ಮೆತ್ತಗಿನ ಪ್ಲಾಸ್ಟಿಕ್ ಹೊಂದಿಕೊಂಡು ಹೋಗುತ್ತದೆ. ಬೇಸಿಗೆಯ ಭಾನುವಾರಗಳಲ್ಲಿ ಮಾತ್ರ ಓಡುವ ಕಾರಿಗೆ ಹೊಸ ಪ್ಲಾಸ್ಟಿಕ್ ಬುಷ್ ಬಹಳ ವರ್ಷಕ್ಕೆ ಸಾಕು.

ಪ್ಲಾಸ್ಟಿಕ್ಕಿನಲ್ಲೂ ಎರಡು ಬಗೆ ನೆನಪಿಡಿ. ನೈಲಾನ್ ನೀರು ಹೀರುತ್ತದೆ. ಪೂರ್ತಿ ನೆನೆದರೆ ತನ್ನ ತೂಕದ 8 ಶೇಕಡಾದಷ್ಟು ಹೀರುವುದೂ ಉಂಟು. ಹೀರಿದರೆ ಉಬ್ಬುತ್ತದೆ, ಉಬ್ಬಿದರೆ ಶಾಫ್ಟನ್ನು ಹಿಡಿಯುತ್ತದೆ. ಡೆಲ್ರಿನ್ ಅನ್ನುವ ಅಸಿಟಲ್ ಪ್ಲಾಸ್ಟಿಕ್ ಅಷ್ಟು ನೀರು ಹೀರಲ್ಲ, ಅಳತೆ ಬದಲಾಗಲ್ಲ, ಜಾರುವ ಗುಣವೂ ಚೆನ್ನಾಗಿದೆ. ಪ್ಲಾಸ್ಟಿಕ್ಕೇ ಹಾಕೋದಾದರೆ, ಡೆಲ್ರಿನ್‌ನಲ್ಲಿ ಟರ್ನಿಂಗ್ ಮಾಡಿದ್ದು ಸಿಕ್ಕರೆ ಅದನ್ನು ತೆಗೆದುಕೊಳ್ಳಿ.

ಕಂಚಿನಲ್ಲಿ ಎರಡು ಜಾತಿ

ಈ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಕಂಚಿನ ಬುಷ್’ ಅಂತ ಒಂದೇ ಹೆಸರಿನಲ್ಲಿ ಮಾರುವುದರಲ್ಲಿ ಎರಡು ಬೇರೆ ಬೇರೆ ಸಾಮಾನು ಇವೆ.

ಒಂದು, ಕಂಚಿನ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಕಾಯಿಸಿ ಮಾಡಿದ್ದು. ಆಯಿಲೈಟ್ ಅಂತ ಹೆಸರು ಕೇಳಿರಬಹುದು. ಸುಮಾರು 90 ಪಾಲು ತಾಮ್ರ, 10 ಪಾಲು ತವರ. ಇದರೊಳಗೆ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಅದರ ಗಾತ್ರದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಎಣ್ಣೆಯೇ. ಹೊಸ ಬುಷ್ ತೆಗೆದುಕೊಂಡು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಇಡಿ, ಮೈ ಬೆವರಿದ ಹಾಗೆ ಎಣ್ಣೆ ಜಿನುಗುತ್ತದೆ. 911ಕ್ಕೆ ಸಿಗುವ ಕಂಚಿನ ಕಿಟ್‌ಗಳಲ್ಲಿ ಈ ಜಾತಿ ಸಾಮಾನ್ಯ.

ಇನ್ನೊಂದು ಎರಕ ಹೊಯ್ದ ಗಟ್ಟಿ ಕಂಚು. ನಮ್ಮ ಕಡೆ ಪಂಪ್‌ಸೆಟ್ ರಿಪೇರಿಯವರು, ಲೇತ್ ಅಂಗಡಿಯವರು ಗನ್‌ಮೆಟಲ್ ಬುಷ್ ಅನ್ನೋದು ಈ ಜಾತಿಯದ್ದನ್ನೇ. ಇದರೊಳಗೆ ಎಣ್ಣೆ ಇಲ್ಲ. ಗ್ರೀಸ್ ನೀವೇ ಹಾಕಬೇಕು, ಗ್ರೀಸ್ ನಿಲ್ಲೋಕೆ ಒಳಗೆ ಒಂದು ಗೀರು ಕೊರೆಸಬೇಕು.

ಎಣ್ಣೆ ತುಂಬಿದ್ದೇ ಒಳ್ಳೇದು ಅಂತ ಥಟ್ಟನೆ ಅನ್ನಿಸುತ್ತದೆ. ಆದರೆ ಆ ಬುಷ್ ಕೆಲಸ ಮಾಡುವ ರೀತಿ ಯೋಚನೆ ಮಾಡಿ. ಫ್ಯಾನ್ ಮೋಟರಿನಂತೆ ಶಾಫ್ಟ್ ಒಂದೇ ಸಮ ತಿರುಗುತ್ತಿದ್ದರೆ ಅದು ತೂತುಗಳಿಂದ ಎಣ್ಣೆ ಎಳೆದುಕೊಂಡು ತೆಳು ಪದರ ಕಟ್ಟುತ್ತದೆ. ಪೆಡಲ್ ಶಾಫ್ಟ್ ಒಂದು ಸುತ್ತೂ ತಿರುಗಲ್ಲ. ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ, ಅದೂ ನಿಧಾನಕ್ಕೆ. ಹೀಗಾದಾಗ ಎಣ್ಣೆ ಪದರ ಸರಿಯಾಗಿ ಕಟ್ಟುವುದೇ ಇಲ್ಲ. ಇಂಥ ನಿಧಾನದ, ಭಾರದ ಓಲಾಟಕ್ಕೆ ಗ್ರೀಸ್ ಹಾಕಿದ ಗಟ್ಟಿ ಕಂಚು ಜಾಸ್ತಿ ಒಗ್ಗುತ್ತದೆ.

ಹಾಗಂತ ಆಯಿಲೈಟ್ ಕೆಟ್ಟದ್ದು ಅಂತಲ್ಲ. ಎಷ್ಟೋ 911ಗಳಲ್ಲಿ ಚೆನ್ನಾಗಿ ಓಡುತ್ತಿದೆ. ಹಾಕುವಾಗ ಮಾತ್ರ ಎರಡು ತಪ್ಪು ಮಾಡಬೇಡಿ. ಪೆಟ್ರೋಲಿನಲ್ಲೋ ಬ್ರೇಕ್ ಕ್ಲೀನರಿನಲ್ಲೋ ತೊಳೆಯಬೇಡಿ, ಒಳಗಿನ ಎಣ್ಣೆ ಹೊರಟುಹೋಗುತ್ತದೆ. ತೊಳೆದೇಬಿಟ್ಟಿದ್ದರೆ ಬೆಚ್ಚಗಿನ ಎಸ್‌ಎಇ 30 ದರ್ಜೆಯ ಎಂಜಿನ್ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಹಾಕಿ. ಎರಡನೆಯದು, ಮೊಂಡು ರೀಮರಿನಿಂದ ಒಳಗೆ ಉಜ್ಜಬೇಡಿ. ಮೇಲಿನ ತೂತುಗಳು ಮೆತ್ತಿಹೋಗಿ ಮುಚ್ಚಿಕೊಳ್ಳುತ್ತವೆ. ಆಮೇಲೆ ಅದು ಎಣ್ಣೆ ಬಿಡದ ಬರೀ ಕಂಚಿನ ಉಂಗುರ.

ಗಟ್ಟಿ ಕಂಚಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ, ನನ್ನ ಒಲವು ಅದರ ಕಡೆ ಇರೋದು ಇದಕ್ಕೇ. ಶಾಫ್ಟ್ ಸವೆದಿದ್ದರೆ ಅದನ್ನು ಲೇತಿಗೆ ಕಟ್ಟಿ, ತಗ್ಗು ಹೋಗುವಷ್ಟು ಮಾತ್ರ ಸಣ್ಣಗೆ ತೆಗೆಸಿ, ಆ ಹೊಸ ಅಳತೆಗೆ ಸರಿಯಾಗಿ ಬುಷ್ ಮಾಡಿಸಬಹುದು. ಅಂಗಡಿಯ ರೆಡಿ ಕಿಟ್ಟಿನಲ್ಲಿ ಇದು ಆಗಲ್ಲ. ಹೊಸ ಶಾಫ್ಟಿನ ಅಳತೆಗೆ ಮಾಡಿದ ಬುಷ್ಷಿಗೆ ಸವೆದ ಶಾಫ್ಟ್ ತೂರಿಸಿದರೆ ಅಲ್ಲಾಟ ಮೊದಲ ದಿನದಿಂದಲೇ ಇರುತ್ತದೆ. ಕಂಚು ಹಾಕಿಸಿಯೂ ಸರಿಹೋಗಲಿಲ್ಲ ಅನ್ನುವವರು ಮೊದಲು ಶಾಫ್ಟ್ ಅಳೆದಿದ್ದರಾ ಅಂತ ನೋಡಬೇಕು.

ಕಂಚಿಗೆ ತೊಂದರೆಯೂ ಇದೆ. ಒತ್ತಿ ಕೂರಿಸಿದಾಗ ಅದರ ಒಳ ಅಳತೆ ಸ್ವಲ್ಪ ಕುಗ್ಗುತ್ತದೆ. ಶಾಫ್ಟ್ ಹೋಗಲ್ಲ ಅಂತ ಸುತ್ತಿಗೆಯಲ್ಲಿ ಹೊಡೆದು ತೂರಿಸಿದರೆ ಕೆಲಸ ಕೆಟ್ಟಂತೆ. ಸರಿಯಾದ ರೀಮರ್ ಬೇಕು, ಇಲ್ಲವೇ ಆ ಕೆಲಸ ಗೊತ್ತಿರುವ ಲೇತ್ ಅಂಗಡಿ ಬೇಕು. ಗ್ರೀಸ್ ಹಚ್ಚಿದ ಶಾಫ್ಟನ್ನು ಎರಡು ಬೆರಳಿನಲ್ಲಿ ತಿರುಗಿಸಿದರೆ ಸರಾಗವಾಗಿ ತಿರುಗಬೇಕು, ಅಡ್ಡಲಾಗಿ ಅಲ್ಲಾಡಿಸಿದರೆ ಏನೂ ಗೊತ್ತಾಗಬಾರದು. ಕೈಗೆ ಹಾಗೆ ಸಿಕ್ಕಿದರೆ ಅಳತೆ ಸರಿ ಇದೆ ಅಂತ ಅರ್ಥ.

ನೀಡಲ್ ಬೇರಿಂಗ್

ಹಗುರವಾಗಿ ತಿರುಗುತ್ತದೆ ಅನ್ನೋದು ನಿಜ. ಆದರೂ ರಸ್ತೆ ಕಾರಿಗೆ ನಾನು ಬೇಡ ಅನ್ನುತ್ತೇನೆ. ಸೂಜಿಯಂಥ ರೋಲರ್‌ಗಳು ಗಟ್ಟಿ ಮಾಡಿದ ಶಾಫ್ಟ್ ಕೇಳುತ್ತವೆ. ಹಳೇ ಶಾಫ್ಟ್ ಮೆತ್ತಗಿದ್ದರೆ ರೋಲರ್ ಗೆರೆಗಳು ಅದರ ಮೇಲೆ ಅಚ್ಚಾಗುತ್ತವೆ. ಪೂರ್ತಿ ಸುತ್ತು ತಿರುಗದೆ ಒಂದೇ ಜಾಗದಲ್ಲಿ ಓಲಾಡುವಾಗ ಈ ಗೆರೆ ಇನ್ನೂ ಬೇಗ ಬೀಳುತ್ತದೆ. ಧೂಳು ನೀರು ಸೇರುವ ಜಾಗ ಬೇರೆ. ಶಾಫ್ಟ್ ಸಮೇತ ಬರುವ ಕಿಟ್ಟು, ರೇಸಿಗೆ ಹೋಗುವ ಕಾರು, ಆಗಾಗ ಬಿಚ್ಚಿ ನೋಡುವ ಮನಸ್ಸು, ಈ ಮೂರೂ ಇದ್ದರೆ ಹಾಕಿಕೊಳ್ಳಿ.

ಪೂರ್ತಿ ಸೆಟ್ ಬದಲಿಸೋದು

ರಿಪೇರಿ ಮಾಡಿ ಪೇಂಟ್ ಹೊಡೆದ ಪೂರ್ತಿ ಪೆಡಲ್ ಸೆಟ್ ಕೊಟ್ಟು, ನಿಮ್ಮ ಹಳೇದನ್ನು ವಾಪಸ್ ತೆಗೆದುಕೊಳ್ಳುವವರೂ ಇದ್ದಾರೆ. ಜಾಸ್ತಿ ದುಡ್ಡು, ಆದರೆ ಕಾರು ದಿನಗಟ್ಟಲೆ ನಿಲ್ಲಲ್ಲ. ಸ್ಟ್ಯಾಂಡಿಗೇ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಇದೇ ಸರಿ. ಒಳಗೆ ಯಾವ ಬುಷ್ ಹಾಕಿದ್ದಾರೆ, ಶಾಫ್ಟ್ ಹೊಸದಾ ಹಳೇದಾ ಅಂತ ಕೇಳಿ ತಿಳಿದುಕೊಂಡೇ ದುಡ್ಡು ಕೊಡಿ.

ಕಿಟ್ ಕೊಳ್ಳುವಾಗ ಇಸವಿ ಹೇಳಿ

1972ರಿಂದ 1986ರವರೆಗಿನ ಹೆಚ್ಚಿನ 911ಗಳಲ್ಲಿ 915 ಗೇರ್‌ಬಾಕ್ಸ್, ಕೇಬಲ್ ಕ್ಲಚ್. 1987ರ ಮಾಡೆಲಿನಿಂದ ಜಿ50 ಗೇರ್‌ಬಾಕ್ಸ್ ಬಂತು, ಕ್ಲಚ್ ಹೈಡ್ರಾಲಿಕ್ ಆಯಿತು. 1986ರದ್ದೂ 1987ರದ್ದೂ 3.2 ಕ್ಯಾರೆರಾ ಅಂತಲೇ ಕರೆಸಿಕೊಳ್ಳುತ್ತವೆ, ಹೊರಗಿನಿಂದ ಒಂದೇ ಥರ. ಪೆಡಲ್ ಸೆಟ್ ಮಾತ್ರ ಬೇರೆ. ಅದಕ್ಕೇ ‘ಕ್ಯಾರೆರಾ’ ಅಂತಷ್ಟೇ ಹೇಳಿ ಆರ್ಡರ್ ಮಾಡಬೇಡಿ.

ರೋಲ್ ಪಿನ್ ಅನ್ನೋ ಕಾಟ

ಇಡೀ ಕೆಲಸದಲ್ಲಿ ನಿಜವಾಗಿ ಬೆವರಿಳಿಸೋದು ಇದೊಂದೇ. ಕ್ಲಚ್ ಪೆಡಲನ್ನು ಶಾಫ್ಟಿಗೆ ಹಿಡಿದಿರುವ ಈ ಪಿನ್ ವರ್ಷಗಟ್ಟಲೆ ತುಕ್ಕಿನಲ್ಲಿ ಕೂತಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಪೆಡಲನ್ನು ಗಟ್ಟಿಯಾದ ಬೆಂಚ್ ವೈಸಿಗೆ ಕೊಟ್ಟು, ಪಿನ್ನಿಗೆ ಸರಿಹೊಂದುವ ನೇರ ಪಂಚ್ ಇಟ್ಟು, ಹೊಡೆಯೋದಾದರೆ ಒಂದೇ ಗಟ್ಟಿ ಪೆಟ್ಟು. ಸಣ್ಣ ಸಣ್ಣ ಏಟು ಹಾಕಿದರೆ ಪಿನ್ನಿನ ತಲೆ ಅಗಲವಾಗಿ ಇನ್ನೂ ಬಿಗಿಯುತ್ತದೆ. ನಮ್ಮ ಪಿನ್ ಮೂರನೇ ದಿನ ಬಂತು, ಅದೂ ಸ್ವಲ್ಪ ಬಿಸಿ ಮಾಡಿದ ಮೇಲೆ.

ಬಂದ ಮೇಲೆ ತೂತು ನೋಡಿ. ದುಂಡಗಿದ್ದರೆ ಹೊಸ ಪಿನ್ ಹಾಕಿ, ಹಳೇದನ್ನು ಮತ್ತೆ ಬಳಸಲೇಬೇಡಿ. ತೂತು ಮೊಟ್ಟೆಯಾಕಾರಕ್ಕೆ ಹೋಗಿದ್ದರೆ ಹೊಸ ಪಿನ್ನೂ ಒಂದು ದಿನ ತುಂಡಾಗುತ್ತದೆ. ತುಂಡಾದ ದಿನ ಕ್ಲಚ್ ಪೆಡಲ್ ನೆಲಕ್ಕೆ ಬಿದ್ದು ಅಲ್ಲೇ ಉಳಿಯುತ್ತದೆ. ಅಂಥ ತೂತನ್ನು ಒಂದು ಅಳತೆ ದೊಡ್ಡದು ಮಾಡಿಸಿ, ಅದಕ್ಕೆ ತಕ್ಕ ಪಿನ್ ಹಾಕಿಸಿ.

ನೀವೇ ಮಾಡಬಹುದಾ?

ಬಿಚ್ಚಿ ಜೋಡಿಸೋದು ಕಷ್ಟ ಅಲ್ಲ, ಜಾಗ ಇಕ್ಕಟ್ಟು. ಗೇರ್‌ಬಾಕ್ಸ್ ಕಡೆ ಕ್ಲಚ್ ಕೇಬಲ್ ಸಡಿಲ ಮಾಡಿ. ಪೆಡಲ್ ಕಡೆ ಕೇಬಲ್ ತುದಿ, ಆಕ್ಸಿಲರೇಟರ್ ರಾಡ್, ಮಾಸ್ಟರ್ ಸಿಲಿಂಡರನ್ನು ಒತ್ತುವ ಬ್ರೇಕಿನ ಪುಶ್‌ರಾಡ್ ಬಿಡಿಸಿ. ಬೋಲ್ಟ್ ತೆಗೆದರೆ ಸೆಟ್ ಪೂರ್ತಿ ಕೈಗೆ ಬರುತ್ತದೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆಯಿರಿ. ಯಾವ ವಾಷರ್ ಯಾವ ಕಡೆ ಇತ್ತು, ಸ್ಪ್ರಿಂಗ್ ಯಾವ ಕೊಕ್ಕೆಗೆ ಸಿಕ್ಕಿಸಿತ್ತು ಅಂತ ವಾರ ಬಿಟ್ಟು ನೆನಪಿರಲ್ಲ.

ಸೆಟ್ ಹೊರಗಿರುವಾಗ ಮಾಸ್ಟರ್ ಸಿಲಿಂಡರ್ ಕಡೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಒದ್ದೆ ಕಂಡರೆ, ಪೇಂಟ್ ಉಬ್ಬಿದ್ದರೆ, ಮೊದಲು ಅದನ್ನು ಸರಿಮಾಡಿಸಿ. ಸೋರಿಕೆ ಹಾಗೇ ಬಿಟ್ಟು ಹೊಸ ಬುಷ್ ಹಾಕೋದರಲ್ಲಿ ಅರ್ಥ ಇಲ್ಲ.

ವಾಪಸ್ ಜೋಡಿಸುವಾಗ ಬ್ರೇಕಿನ ಪುಶ್‌ರಾಡ್ ವಿಷಯದಲ್ಲಿ ಸ್ವಲ್ಪವೂ ಅವಸರ ಬೇಡ. ರಾಡಿನ ತುದಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ಮಧ್ಯೆ ಸುಮಾರು 1 ಮಿಲಿಮೀಟರ್ ಸಡಿಲ ಇರಬೇಕು. ಸಡಿಲವೇ ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಲ್ಲ, ಫ್ಲೂಯಿಡ್ ವಾಪಸ್ ಹೋಗುವ ದಾರಿ ಮುಚ್ಚಿಯೇ ಇರುತ್ತದೆ. ಓಡಿಸುತ್ತಾ ಹೋದಂತೆ ಬ್ರೇಕ್ ತಾನಾಗೇ ಹಿಡಿಯಲು ಶುರುವಾಗುತ್ತದೆ. ಈ ಕೈಕೆಲಸದ ಅನುಭವ ಇಲ್ಲದವರು ಬುಷ್ ತಾವೇ ಹಾಕಿದರೂ, ಇದೊಂದನ್ನು ಬ್ರೇಕ್ ಕೆಲಸ ಬಲ್ಲವರಿಗೆ ತೋರಿಸಿಯೇ ರಸ್ತೆಗಿಳಿಯಿರಿ.

ಗೆಳೆಯನ ಕಾರಿಗೆ ಕೊನೆಗೆ ನಾವು ಶಾಫ್ಟ್ ಟರ್ನಿಂಗ್ ಮಾಡಿಸಿ, ಗಟ್ಟಿ ಕಂಚಿನ ಬುಷ್ ಮಾಡಿಸಿ, ಲಿಥಿಯಂ ಗ್ರೀಸ್ ತುಂಬಿ ಕೂರಿಸಿದೆವು. ವಾರಕ್ಕೆ ನಾಲ್ಕು ದಿನ ಓಡುವ ಕಾರು ಅದು, ಹಾಗಾಗಿ ಪ್ಲಾಸ್ಟಿಕ್ ಬೇಡ ಅನ್ನಿಸಿತು. ಅವನ ತಮ್ಮನ ಹತ್ತಿರ ಒಂದು 914 ಇದೆ, ವರ್ಷಕ್ಕೆ ಹತ್ತು ಸಲ ಓಡಿದರೆ ಹೆಚ್ಚು. ಶಾಫ್ಟ್ ನುಣ್ಣಗೆ, ಅಳತೆ ಸರಿಯಾಗಿ ಇತ್ತು. ಅದಕ್ಕೆ ಡೆಲ್ರಿನ್ ಸಾಕು ಅಂದೆ, ಅದನ್ನೇ ಹಾಕಿದ.

ಮಾರ್ಚ್ ಕೊನೆಯಲ್ಲಿ ಎಸ್‌ಸಿಯನ್ನು ಶೆಡ್ಡಿನಿಂದ ಹೊರಗೆ ತಂದೆವು. ಕ್ಲಚ್ ಒತ್ತಿ ಮೂರು ಎಣಿಸಿ ರಿವರ್ಸ್ ಹಾಕಿದ. ಸದ್ದಿಲ್ಲದೆ ಬಿತ್ತು. ಅವನು ಹಿಂದೆ ಬಂದು, ಮುಂದೆ ಹೋಗಿ, ಮತ್ತೆ ಹಿಂದೆ ಬಂದ. ನಾನು ಹಿಂದುಗಡೆ ನಿಂತು, ಬ್ರೇಕಿನಿಂದ ಕಾಲು ತೆಗೆದಾಗಲೆಲ್ಲಾ ಕೆಂಪು ಲೈಟು ಆರುತ್ತಿದೆಯಾ ಅಂತ ನೋಡುತ್ತಿದ್ದೆ. ಪ್ರತಿ ಸಲವೂ ಆರಿತು.